ಅಂಕಲಿಯಲ್ಲಿ ಉಪ್ಪುನೀರು

ಪುಕ್ಕಟೆ ಸಲಹೆ ಕೊಡುವವರನ್ನು ಕಂಡರೆ ಎಲ್ಲರಿಗೂ ಸಿಟ್ಟು ಬರುತ್ತದೆ. ನನಗೆ ಸ್ವಲ್ಪ ಹೆಚ್ಚೇ ಬರುತ್ತದೆ. ಕೃಷ್ಣೆ ಹತ್ತಿರದಲ್ಲೇ ಹರಿಯುವ ಅಂಕಲಿಯಲ್ಲಿ ಕೂತು, ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಸಮುದ್ರ ಸಾಕುತ್ತೇನೆಂದರೆ ಸಲಹೆಗೇನು ಬರ? ಒಂದಿಷ್ಟು ಹವಳ, ಕಿತ್ತಳೆ ಪಟ್ಟೆಯ ಎರಡು ಮೀನು, ಪೊಟ್ಟಣದ ಉಪ್ಪು ಕದಡಿ ಮಾಡಿದ ನೀರು, ಇಷ್ಟೇ ನನ್ನ ಆಸ್ತಿ. "ಹೊಳಿ ಮೀನಾ ಬಿಡ್ರಿ ಸರ, ಏನೂ ಆಗೂದಿಲ್ಲ" ಎನ್ನುತ್ತಾರೆ ಪಕ್ಕದ ಮನೆಯವರು. ಕ್ಯಾಲ್ಸಿಯಂ, ನೈಟ್ರೇಟ್ ಎಂದರೆ ಅವರಿಗೆ ಕಬ್ಬಿನ ಗೊಬ್ಬರವಷ್ಟೇ ನೆನಪಾಗುತ್ತದೆ.

ಈ ನೀರಿನ ಹದ ಕಾಯುವುದೆಂದರೆ ಕೈಗೂಸು ಸಾಕಿದ ಹಾಗೆ. ಆವಿಯಾದಷ್ಟನ್ನು ಶುದ್ಧ ಆರ್‌ಓ ನೀರಿನಿಂದಲೇ ತುಂಬಬೇಕು. ನಮ್ಮ ಬೋರಿನ ನೀರನ್ನು ತೊಟ್ಟಿಗೆ ತೋರಿಸಲೂ ಬಾರದು. ಸುತ್ತಲಿನ ಕಬ್ಬಿಗೆ ಸುರಿದ ಯೂರಿಯಾ ನೈಟ್ರೇಟ್ ಆಗಿ ಅದರಲ್ಲಿ ಇಳಿದಿರುತ್ತದೆ. ಇಷ್ಟು ಎಚ್ಚರವಿದ್ದರೂ ಈ ಬೇಸಿಗೆಯಲ್ಲಿ ನೈಟ್ರೇಟ್ ಏರತೊಡಗಿತು. ಪರೀಕ್ಷೆಯ ಕೊಳವೆ ಪ್ರತಿ ಸಲವೂ ಕೆಂಪಾಗುತ್ತಿತ್ತು, ನನ್ನ ಮುಖವೂ. ಗಾಜಿಗೆ ಪಾಚಿ ಹಿಡಿಯಿತು. ವರ್ಷಗಟ್ಟಲೆ ಬೆಳೆಸಿದ ಹವಳದ ಒಂದು ಕೊಂಬೆ ಬಿಳಿಚಿ ಸತ್ತೇಹೋಯಿತು. ಉಪ್ಪು ಮಾರಿದ ಕೊಲ್ಹಾಪುರದ ಅಂಗಡಿಯವನಿಗೆ ಫೋನಿನಲ್ಲಿ ಮರಾಠಿಯಲ್ಲಿ ಬೈದೆ. ಸಮಾಧಾನವಾಗದೆ ಕನ್ನಡದಲ್ಲೂ ಬೈದೆ. ತೊಟ್ಟಿಯ ಹತ್ತಿರ ಊದುಬತ್ತಿ ಹಚ್ಚಿದ್ದಕ್ಕೆ ಹೆಂಡತಿಯ ಮೇಲೂ ಹಾರಾಡಿದೆ.

ಕೊನೆಗೆ ಗುಟ್ಟು ಬಯಲಾದದ್ದು ಹಾಡಹಗಲೇ. ನಮ್ಮದು ಜೈನರ ಮನೆ. ಅವ್ವ ಕುಡಿಯುವ ನೀರನ್ನು ಇಂದಿಗೂ ಬಟ್ಟೆಯಲ್ಲಿ ಸೋಸುತ್ತಾಳೆ. ಆ ಬಟ್ಟೆಗೆ ಅಂಟಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಅದನ್ನು ತಿರುವಿ ತೊಳೆದು, ತೊಳೆದ ನೀರನ್ನು ಮರಳಿ ನೀರಿಗೇ ಬಿಡುವುದು ಪದ್ಧತಿ. ರಜೆಯ ದಿನ ಒಳಗೆ ಬಂದು ನೋಡಿದರೆ, ಅವ್ವ ಬಟ್ಟೆ ತೊಳೆದ ಆ ಬೋರಿನ ನೀರನ್ನು ತಂಬಿಗೆಯಿಂದ ನನ್ನ ಸಮುದ್ರಕ್ಕೆ ಹೊಯ್ಯುತ್ತಿದ್ದಾಳೆ.

"ಅವ್ವಾ, ಏನ್ ಮಾಡಾಕತ್ತೀ?"

"ಜೀವಾ ಬಿಡಾಕತ್ತೀನಿ. ಮೊದಲ ಬಾವಿಗೆ ಬಿಡ್ತಿದ್ದೆ. ಬೋರಿನ್ಯಾಗ ಹೆಂಗ ಇಳಸೂದು? ದಿನಾ ಇಲ್ಲೇ ಬಿಡ್ತೀನಿ. ಛಲೋ ಗಾಳಿ ಐತಿ, ಗುಳ್ಳಿ ಬರತಾವ."

ನನಗೆ ಮೈಯೆಲ್ಲ ಉರಿಯಿತು. ಉಪ್ಪಿನವನನ್ನು ಬೈಯಬಹುದು, ಹೆಂಡತಿಯನ್ನೂ ಬೈಯಬಹುದು. ಪುಣ್ಯ ಮಾಡುತ್ತಿರುವ ತಾಯಿಯನ್ನು ಯಾವ ಬಾಯಿಂದ ಬೈಯುವುದು? ಆಕೆಯ ಧರ್ಮದಿಂದಲೇ ಆಕೆಯನ್ನು ಹಿಡಿಯಬೇಕೆಂದು ದನಿ ಏರಿಸಿದೆ.

"ಯಾವ ನೀರಿನ ಜೀವಾ ಆ ನೀರಿಗೇ ಬಿಡಬೇಕು ಅಂತ ನೀನ ಕಲಸೀದಿ. ಈ ಉಪ್ಪನೀರಾಗ ಅವು ಸಾಯ್ತಾವ. ಹಿಂಸಾ ಆಗ್ತೈತಿ. ಗೊತ್ತಿಲ್ಲೇನ ನಿನಗ?"

ಅವ್ವ ತಂಬಿಗೆ ಕೆಳಗಿಟ್ಟಳು. "ತಪ್ಪಾತ ತಮ್ಮಾ" ಎಂದು ನೀರಿಗೆ ಕೈ ಮುಗಿದಳು. ಗೆದ್ದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಗಾಜಿನ ಹತ್ತಿರ ಬಗ್ಗಿ, ಮೀನುಗಳನ್ನು ನೋಡುತ್ತ ಕೇಳಿದಳು.

"ಹಂಗಾದ್ರ ಇವನ್ನ ಸಮುದ್ರಕ್ಕ ಯಾವಾಗ ಬಿಟ್ಟ ಬರ್ತೀ?"

"ನಿಪ್ಪಾಣಿಯಿಂದ ಗೋವಾ ಬಸ್ ಅದಾವ ನೋಡ್ರಿ" ಎಂದು ಅಡುಗೆಮನೆಯಿಂದ ಹೆಂಡತಿ ತಿಳಿಸಿದಳು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನು ಯಾರ ಮೇಲೆ ಹಾಕಬೇಕೆಂದು ಹೊಳೆಯದೆ, ತೊಟ್ಟಿಯ ನೀರು ಬದಲಿಸುತ್ತ ಕೂತಿದ್ದೇನೆ.