ಜಗಳೂರಿನ ನಡುಮನೆಗೆ ಬೂಟುಗಾಲಲ್ಲಿ ಬಂದ ಶಿಫಾರಸು ಯಂತ್ರದವರಿಗೆ

ಇವರಿಂದ: ಶಾಹಿದ್, ಡಿಸ್ಕ್ ಕಪಾಟು, ವಿರೂಪಾಕ್ಷಪ್ಪನವರ ಮೊಬೈಲ್ ಅಂಗಡಿಯ ಒಳಗೋಡೆ, ಚನ್ನಗಿರಿ.

ಇವರಿಗೆ: ಟಿ.ವಿ.ಯೊಳಗೆ ಕುಳಿತು ‘ನಿಮಗಾಗಿ ಆರಿಸಿದ್ದು’ ಎಂದು ತೋರಿಸುವ ಯಂತ್ರದವರು, ವಿಳಾಸ ಗೊತ್ತಿಲ್ಲ.

ಮಾನ್ಯರೇ,

ತಮ್ಮ ವೈರುಗಳೆಲ್ಲ ಕ್ಷೇಮವಾಗಿವೆಯೆಂದೂ, ನಮ್ಮ ಕಡೆಯ ಕರೆಂಟು ಹೋಗಿ ಬಂದು ಮಾಡುವುದರಿಂದ ತಮ್ಮ ಆರೋಗ್ಯಕ್ಕೆ ತೊಂದರೆಯಾಗಿಲ್ಲವೆಂದೂ ನಂಬಿ, ಮೊದಲಿಗೆ ತಮಗೊಂದು ಸಲಾಂ ಹೇಳುತ್ತೇನೆ. ಈ ಪತ್ರವನ್ನು ನಾಲ್ಕು ಜನರ ಮುಂದೆ ಬರೆಯುವ ಆಸೆ ನನಗಿರಲಿಲ್ಲ. ಆದರೆ ‘ಸಹಾಯ’ ಎಂಬ ಗುಂಡಿ ಒತ್ತಿದಾಗ ತಮ್ಮ ಸಂಬಂಧಿಕರೇ ಇರಬೇಕು, ಇನ್ನೊಂದು ಯಂತ್ರದವರು ಬಂದು, ನಾನು ದೂರು ಹೇಳುವ ಮುಂಚೆಯೇ ‘ನಿಮಗೆ ನೆರವಾದದ್ದು ಸಂತೋಷ’ ಎಂದು ಬರೆದು ಹೊರಟುಹೋದರು. ಅಷ್ಟು ಬೇಗ ಸಂತೋಷಪಡುವವರನ್ನು ನಾನು ಈವರೆಗೆ ಕಂಡಿಲ್ಲ.

ತಾವೂ ನಾನೂ ಒಂದೇ ಕಸುಬಿನವರು. ಜಪಾನಿನವರು ಚಿತ್ರ ಬರೆದು ಆಡಿಸುವ ಅನಿಮೆ ಸಿನಿಮಾ, ಧಾರಾವಾಹಿಗಳನ್ನು ಮೊದಲ ಸಲ ನೋಡುವವರಿಗೆ ಯಾವುದರಿಂದ ಶುರು ಮಾಡಬೇಕೆಂದು ಹೇಳುವುದು ನನ್ನ ಕೆಲಸ. ತಾವು ಆಕಾಶದಿಂದ ಹೇಳುತ್ತೀರಿ, ನಾನು ಕಪಾಟಿನಿಂದ ಡಿಸ್ಕ್ ತೆಗೆದು ಕೊಡುತ್ತೇನೆ. ಹತ್ತನೇ ಕ್ಲಾಸು ಮುಗಿಸಿದ ಮೇಲೆ ಬ್ಯಾನರ್ ಪ್ರಿಂಟಿಂಗು, ಬೋರ್‌ವೆಲ್ ಲಾರಿ, ಅಡಿಕೆ ಸುಲಿಯುವ ಮಿಷನ್ನು ಎಂದು ಎಲ್ಲ ಕಡೆ ಕಾಲಿಟ್ಟು ಎಲ್ಲೂ ಕಾಲು ನಿಲ್ಲದ ನಾನು ಈ ಕಪಾಟಿನ ಮುಂದೆ ಮಾತ್ರ ಅಲುಗದೆ ನಿಂತಿದ್ದೇನೆ. ಅಂಗಡಿ ಯಜಮಾನರಾದ ವಿರೂಪಾಕ್ಷಪ್ಪನವರು ದಿನಕ್ಕೊಮ್ಮೆ “ಏ ಶಾಹಿದಾ, ಈ ಕಾಲದಾಗೆ ಸೀಡಿ ಯಾರು ನೋಡ್ತಾರಪ್ಪಾ, ಆ ಜಾಗದಾಗೆ ಮೊಬೈಲ್ ಕವರ್ ನೇತಾಕಿದ್ರೆ ಆಗ್ತಿತ್ತು” ಎನ್ನುತ್ತಾರೆ, ಆಮೇಲೆ ತಾವೇ ಒಂದು ಡಿಸ್ಕ್ ತೆಗೆದುಕೊಂಡು ಮನೆಗೆ ಹೋಗುತ್ತಾರೆ.

ಯಾರು ನೋಡುತ್ತಾರೆಂದು ತಮಗೂ ಅನುಮಾನವಿದ್ದರೆ ಹೇಳುತ್ತೇನೆ. ನಮ್ಮ ಕಡೆ ಮದುವೆಯ ವಿಡಿಯೊವನ್ನು ಫೋಟೊ ಸ್ಟುಡಿಯೋದವರು ಡಿಸ್ಕಿನಲ್ಲೇ ಕೊಡುತ್ತಿದ್ದರು, ಈಗಲೂ ಕೆಲವರು ಕೊಡುತ್ತಾರೆ. ಆದ್ದರಿಂದ ಮದುವೆಯಾದ ಮನೆಯಲ್ಲೆಲ್ಲ ಒಂದು ಡಿಸ್ಕ್ ಪ್ಲೇಯರ್ ಇರುತ್ತದೆ. ಮದುವೆಯನ್ನು ಎರಡು ಸಲ ನೋಡಿ, ಊಟದ ಸಾಲಿನಲ್ಲಿ ಯಾರ್ಯಾರು ಇದ್ದಾರೆಂದು ಎಣಿಸಿ, ಪ್ಲೇಯರಿಗೆ ಕಸೂತಿ ಬಟ್ಟೆ ಹೊದಿಸಿ ಮಲಗಿಸುತ್ತಾರೆ. ಆ ಬಟ್ಟೆ ತೆಗೆಸುವುದೇ ನನ್ನ ವ್ಯಾಪಾರ.

ನನ್ನ ಪದ್ಧತಿ ತಮ್ಮಷ್ಟು ದೊಡ್ಡದಲ್ಲ. ಬಂದವರನ್ನು ‘ನಿಮಗೆ ಏನಿಷ್ಟ’ ಎಂದು ನಾನು ಕೇಳುವುದಿಲ್ಲ, ಯಾಕೆಂದರೆ ಅದು ಅವರಿಗೂ ಗೊತ್ತಿರುವುದಿಲ್ಲ. “ಟಿ.ವಿ. ಮುಂದೆ ಮನೇಲಿ ಯಾರ್ಯಾರು ಕೂರ್ತಾರ್ರೀ?” ಎಂದು ಕೇಳುತ್ತೇನೆ. ನ್ಯಾಮತಿಯಲ್ಲಿ ಬಟ್ಟೆ ಹೊಲಿಯುವ ಗಂಗೋತ್ರಿಯವರು ಹೊಡೆದಾಟದ್ದು ಕೊಡು ಎಂದು ಬಂದಿದ್ದರು. ಕೇಳಿದರೆ, ಅದೇ ಕೋಣೆಯಲ್ಲಿ ಮಾವನವರು ಮಧ್ಯಾಹ್ನವೆಲ್ಲ ಮಲಗಿರುತ್ತಾರಂತೆ. ಜೇನು ಸಾಕುವವನೊಬ್ಬನ ಕಥೆ ಕೊಟ್ಟೆ, ಅದರಲ್ಲಿ ಮಾತು ಕಡಿಮೆ, ನಡೆದಾಟ ಜಾಸ್ತಿ. ಮೂರನೇ ದಿನ ಮಾವನವರು ಎದ್ದು ಕೂತರು. ಹೊನ್ನಾಳಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ತಿಪ್ಪೇರುದ್ರಸ್ವಾಮಿಯವರು “ಕಾರ್ಟೂನು ಮಕ್ಳಿಗೆ ಕಣಯ್ಯಾ” ಎಂದು ನನ್ನನ್ನು ವಾಪಸ್ಸು ಕಳಿಸಲಿದ್ದವರು, ಮುದಿ ಸ್ಟೇಷನ್ ಮಾಸ್ಟರನೊಬ್ಬನ ಧಾರಾವಾಹಿಯ ಮೊದಲ ಡಿಸ್ಕ್ ನೋಡಿ ಫೋನು ಮಾಡಿ, “ಅವನ ಪಿಂಚಣಿ ಮಂಜೂರಾತಾ ಇಲ್ವಾ ಅನ್ನೋದು ಮುಂದಿನ ಸೀಡೀಲಿ ಐತೇನಯ್ಯಾ?” ಎಂದು ಕೇಳಿದರು. ಇವೆಲ್ಲ ಸಣ್ಣ ವಿಷಯಗಳು, ತಮ್ಮ ಕೋಟಿ ಗಿರಾಕಿಗಳ ಮುಂದೆ ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಈಗ ದೂರಿಗೆ ಬರುತ್ತೇನೆ. ನನ್ನ ತಂಗಿ ಇಲ್ಮಾಳನ್ನು ಜಗಳೂರಿಗೆ ಕೊಟ್ಟು ಒಂದೂವರೆ ವರ್ಷವಾಯಿತು. ಅವಳ ಗಂಡ ಮುಬೀನ್ ಭಾಯ್ ಗಾಡಿಗಳ ಸೀಟು ಹೊಲಿಯುವವರು, ಮನೆಯಲ್ಲಿ ಅವರ ತಾಯಿ ಸೈದಾಬೀ. ಆಕೆ ಕೆಟ್ಟವರಲ್ಲ, ಮಾತು ಕಡಿಮೆ. ಇಲ್ಮಾಳಿಗೆ ಹೊಸ ಮನೆಯ ಅಂಜಿಕೆ. ಉಪ್ಪು, ನೀರು, ಹಾಲು ಇವು ಮೂರನ್ನು ಬಿಟ್ಟು ಆ ಇಬ್ಬರ ನಡುವೆ ಬೇರೆ ಮಾತಿರಲಿಲ್ಲ. ಇಲ್ಲಿ ನನ್ನ ಪಕ್ಕದಲ್ಲಿ ಕೂತು ಒಂದು ಸಂಚಿಕೆಗೆ ನೂರು ಪ್ರಶ್ನೆ ಕೇಳುತ್ತಿದ್ದವಳು ಫೋನಿನಲ್ಲಿ “ಹೂಂ ಭಾಯ್, ಚೆನ್ನಾಗಿದೀನಿ, ಊಟ ಆತಾ?” ಎಂದಷ್ಟೇ ಹೇಳಿ ಇಡುತ್ತಿದ್ದಳು. ಊಟ ಆಗಿದೆ ಎಂದು ಎಷ್ಟು ಸಲ ಹೇಳುವುದು. ಅವಳಿಗೆ ಆ ನಡುಮನೆಯಲ್ಲಿ ಕೂರುವ ಒಂದು ಜಾಗ ಬೇಕಿತ್ತು. ಅದನ್ನು ನಾನು ಅಲ್ಲಿ ಹೋಗಿ ಕೊಡಿಸುವಂತಿರಲಿಲ್ಲ. ಡಿಸ್ಕ್ ಕಳಿಸಬಹುದಿತ್ತು.

ಇಲ್ಲಿ ಅನಿಮೆಗೆ ಹೊಸಬರೆಂದರೆ ಸೈದಾಬೀ, ನಾನು ಖಾಲಾ, ಎಂದರೆ ಚಿಕ್ಕಮ್ಮ, ಎಂದು ಕರೆಯುವವರು. ವಿಚಾರಿಸಿದೆ. ಆಕೆಯ ತವರು ಸೂಳೆಕೆರೆ ದಂಡೆಯ ಹಳ್ಳಿ. ಅಷ್ಟು ನೀರು ನೋಡಿ ಬೆಳೆದವರು ಜಗಳೂರಿನಲ್ಲಿ ಕೊಡ ಎಣಿಸಿ ಬಾಳಿದ್ದಾರೆ. ಅದಕ್ಕೇ ಸರೋವರದಲ್ಲಿ ದೋಣಿ ನಡೆಸುವ ಹುಡುಗ ಮತ್ತು ಬಲೆ ಹೆಣೆಯುವ ಅವನ ಅಜ್ಜಿಯ ಧಾರಾವಾಹಿಯನ್ನು ಆರಿಸಿದೆ, ಹಿಂದಿ ಮಾತು ಹಾಕಿದ ಐದು ಡಿಸ್ಕು. ಇಲ್ಮಾ ಮದುವೆಗೆ ಮುಂಚೆ ನಾಲ್ಕು ನೋಡಿದ್ದಳು. ಐದನೆಯದು ಬಂದ ವಾರ ಅವಳ ಕೈಗೆ ಮೆಹಂದಿ ಬಂದಿತ್ತು.

ಬಟ್ಟೆ ಅಂಗಡಿಯ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ, ದಾವಣಗೆರೆಯಲ್ಲಿ ಅವರು ಇನ್ನೊಬ್ಬರಿಗೆ ಕೊಟ್ಟು, ಜಗಳೂರಿನ ನಿಲ್ದಾಣದಲ್ಲಿ ಮುಬೀನ್ ಭಾಯ್ ತೆಗೆದುಕೊಳ್ಳುತ್ತಿದ್ದರು. ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ, ಊಟಕ್ಕೆ ಮುಂಚೆ ಹಾಕುತ್ತಿದ್ದರು. ಸೈದಾಬೀ ಮಂಚದ ಮೇಲೆ, ಇಲ್ಮಾ ಅಡಿಗೆಮನೆ ಬಾಗಿಲಲ್ಲಿ ನಿಂತು. ಮೊದಲ ದಿನ ಖಾಲಾ ಒಂದೇ ಮಾತು ಆಡಿದರಂತೆ: “ಇವ್ರು ಚಪ್ಲಿ ಹೊರಗೆ ಬಿಟ್ಟು ಒಳಗೆ ಬರ್ತಾರೆ, ನೆಲದ ಮೇಲೆ ಕೂತು ಉಣ್ತಾರೆ, ಹಿರೀರಿಗೆ ಮೊದ್ಲು ಬಡಿಸ್ತಾರೆ. ಒಳ್ಳೆ ಮನೆತನದೋರು.” ಜಪಾನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ತಾಲ್ಲೂಕುಗಳಿಂದ ಸಿಕ್ಕಿಲ್ಲ. ಎರಡನೇ ದಿನ “ಹುಟ್ಟು ಹಾಕೋದು ಹಂಗಲ್ಲ, ನಮ್ಮಪ್ಪ ಹಾಕೋದು ನೋಡ್ಬೇಕಿತ್ತು” ಎಂದರಂತೆ.

ಇಲ್ಲಿ ತಮ್ಮ ಗಮನಕ್ಕೆ ಒಂದು ತಾಂತ್ರಿಕ ವಿಷಯ ತರಬೇಕು. ಡಿಸ್ಕ್ ಮುಗಿಯುತ್ತದೆ. ಮುಗಿದ ಮೇಲೆ ಪರದೆ ಕಪ್ಪಗಾಗಿ ಸುಮ್ಮನಿರುತ್ತದೆ, ಯಾರಾದರೂ ಎದ್ದು ಹೋಗಿ ಇನ್ನೊಂದು ಹಾಕಬೇಕು. ಶುರುವಿನ ಹಾಡನ್ನು ಹಾರಿಸಬೇಕಾದರೆ ರಿಮೋಟು ಬೇಕು, ಅದು ಮದುವೆಯ ಗದ್ದಲದಲ್ಲೇ ಕಳೆದಿತ್ತು. ಆ ಹಾಡು ಮುಗಿಯುವವರೆಗೆ, ಆ ಕಪ್ಪು ಪರದೆಯ ಮುಂದೆ, ಖಾಲಾ ಬೆಳ್ಳುಳ್ಳಿ ಬಿಡಿಸುತ್ತಾ “ಆ ಮುದುಕಿ ಯಾಕೆ ಮಗಳ ಹೆಸ್ರು ಎತ್ತಲ್ಲ?” ಎಂದು ಕೇಳುವರು, ಬಾಗಿಲಲ್ಲಿದ್ದ ಇಲ್ಮಾ ಉತ್ತರ ಹೇಳುವಳು, ಹೇಳುತ್ತಾ ಒಂದು ಹೆಜ್ಜೆ ಒಳಗೆ ಬರುವಳು. ನಾಲ್ಕನೇ ಡಿಸ್ಕಿನ ಹೊತ್ತಿಗೆ ಅವಳು ಮಂಚದ ಕಾಲಿನ ಪಕ್ಕ ಕೂತಿದ್ದಳು. ಫೋನಿನಲ್ಲಿ ಊಟದ ವಿಚಾರ ಬಿಟ್ಟು ಬೇರೆ ಮಾತು ಬಂತು.

ಆಗ ಮುಬೀನ್ ಭಾಯ್, ಅಮ್ಮನೂ ಹೆಂಡತಿಯೂ ಇಷ್ಟು ಆಸೆಯಿಂದ ನೋಡುತ್ತಾರೆಂದು ಖುಷಿಯಾಗಿ, ಗೋಡೆಯಗಲದ ಹೊಸ ಟಿ.ವಿ. ತಂದರು. ಅದರೊಳಗೆ ತಾವಿದ್ದಿರಿ. ಮುಬೀನ್ ಭಾಯ್ ರಿಮೋಟಿಗೆ ‘ಅನಿಮೆ’ ಎಂದು ಹೇಳಿದರು. ತಾವು ಕ್ಷಣವೂ ಯೋಚಿಸದೆ ‘ಹೊಸಬರು ಇಲ್ಲಿಂದ ಶುರು ಮಾಡಿ’ ಎಂದು ಒಂದನ್ನು ಮುಂದಿಟ್ಟಿರಿ. ತಮ್ಮ ವೇಗವನ್ನು ನಾನು ಮನಸಾರೆ ಹೊಗಳುತ್ತೇನೆ. ನನಗಾಗಿದ್ದರೆ ಮಂಚದ ಮೇಲೆ ಯಾರು, ಬಾಗಿಲಲ್ಲಿ ಯಾರು ಎಂದು ತಿಳಿಯಲು ಎರಡು ವಾರ ಬೇಕಾಗುತ್ತಿತ್ತು.

ಶುರುವಾದ ಕೂಡಲೇ ತಲೆಗಳು ಉರುಳಿದವು. ಸೈದಾಬೀ “ಲಡಾಯಿ ಅಂದ್ಮೇಲೆ ಇದ್ದದ್ದೇ” ಎಂದು ಬೆಳ್ಳುಳ್ಳಿ ಬಿಡಿಸುತ್ತಲೇ ಇದ್ದರು. ಕೆಂಪು ಕಣ್ಣಿನ ಒಬ್ಬ ಇನ್ನೊಬ್ಬನ ಕೈ ಕಚ್ಚಿಕೊಂಡು ಹೋದ. ಆಕೆ ಬೆಳ್ಳುಳ್ಳಿಯ ಇನ್ನೊಂದು ಗಡ್ಡೆ ಎತ್ತಿಕೊಂಡರು. ಆಮೇಲೆ ತಮ್ಮ ನಾಯಕ ಒಂದು ಮನೆಯ ಬಾಗಿಲು ಒದ್ದು, ಬೂಟುಗಾಲಲ್ಲೇ ಒಳಗೆ ಬಂದು, ಮುದುಕರು ಉಣ್ಣಲು ಕೂತಿದ್ದ ಚಾಪೆಯನ್ನು ತುಳಿದುಕೊಂಡು ಆಚೆ ಹೋದ. ಖಾಲಾ ಬೆಳ್ಳುಳ್ಳಿಯ ತಟ್ಟೆ ಕೆಳಗಿಟ್ಟರು. “ಉಣ್ಣೋ ಜಾಗ ಅದು. ಬಂದ್ ಮಾಡು ಮುಬೀನ್, ಇಂಥೋರ್ನ ಮನೆಯೊಳಗೆ ಬಿಟ್ಕಬಾರ್ದು.” ಮುಬೀನ್ ಭಾಯ್ ಹೊಸ ರಿಮೋಟಿನಲ್ಲಿ ಗುಂಡಿ ಹುಡುಕುವಷ್ಟರಲ್ಲಿ, ಯಾರೂ ಕೇಳದಿದ್ದರೂ ತಾವು ಐದು ಸೆಕೆಂಡು ಎಣಿಸಿ ಮುಂದಿನ ಸಂಚಿಕೆ ಹಾಕಿದಿರಿ. ಅವನು ಅದೇ ಬೂಟಿನಲ್ಲಿ ಇನ್ನೊಂದು ಮನೆಗೆ ಹೋದ.

ಅಂದಿನಿಂದ ಆ ಮನೆಯಲ್ಲಿ ಜಪಾನಿನವರಿಗೆ ಪ್ರವೇಶವಿಲ್ಲ. ಪ್ಲೇಯರ್ ಅಟ್ಟಕ್ಕೇರಿತು. ಟಿ.ವಿ.ಯಲ್ಲಿ ವಾರ್ತೆಯವರು ಜಗಳವಾಡತೊಡಗಿದರು. ಇಲ್ಮಾ ಅಡಿಗೆಮನೆಗೆ ಹಿಂದಿರುಗಿ “ಚೆನ್ನಾಗಿದೀನಿ ಭಾಯ್, ಊಟ ಆತಾ?” ಎಂದಳು.

ಹಾಗಾಗಿ ತಮ್ಮಲ್ಲಿ ನನ್ನ ವಿನಂತಿಗಳು. ತಾವು ದಯಮಾಡಿ ಒಮ್ಮೆ ದಾವಣಗೆರೆಯಿಂದ ಜಗಳೂರಿನ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಗದಿದ್ದರೂ ಬೇಸರಿಸದೆ ಬಂದು, ಆ ಮನೆಯ ಹೊಸ್ತಿಲಲ್ಲಿ ತಮ್ಮ ಕಾಲಿನದನ್ನು ಬಿಟ್ಟು, ಕಾಲಿಲ್ಲದಿದ್ದರೆ ಒಂದು ಜೊತೆ ಕೊಂಡುತಂದಾದರೂ ಬಿಟ್ಟು, ಸೈದಾಬೀ ಅವರಲ್ಲಿ ಮಾಫಿ ಕೇಳಬೇಕು. ಕುಕ್ಕರ್ ಕೂಗುವವರೆಗೆ ಮುಂದಿನ ಸಂಚಿಕೆ ಹಾಕದೆ ತಡೆಯಬೇಕು. ‘ಹಾಡು ಹಾರಿಸಿ’ ಎಂಬ ಗುಂಡಿ ತೆಗೆದು ಅಲ್ಲಿ ‘ಸೊಸೆಯನ್ನು ಕರೆಯಿರಿ’ ಎಂಬ ಗುಂಡಿ ಇಡಬೇಕು. ಆಗುವುದಿಲ್ಲವೆಂದಾದರೆ, ನನ್ನ ಕಪಾಟಿನಲ್ಲಿ ತಮಗೂ ಕೆಲಸ ಕೊಡಿಸಲು ವಿರೂಪಾಕ್ಷಪ್ಪನವರ ಹತ್ತಿರ ಮಾತಾಡುತ್ತೇನೆ. ಮೊದಲು ಧೂಳು ಹೊಡೆಯುವುದು, ಆಮೇಲೆ ಶಿಫಾರಸು.

ತಾವು ಬರುವ ಸೂಚನೆ ಕಾಣದ್ದರಿಂದ ನಾನೇ ಹೊರಟೆ. ಐದನೇ ಡಿಸ್ಕು, ಹಳೆ ಪ್ಲೇಯರನ್ನು ಹೊಸ ಟಿ.ವಿ.ಗೆ ಸೇರಿಸುವ ವೈರು, ಇಷ್ಟು ಚೀಲದಲ್ಲಿತ್ತು. ಚೀಲದಲ್ಲಿಲ್ಲದ ಒಂದು ಗುಟ್ಟೂ ಜೊತೆಗಿತ್ತು. ಗೀರು ಬಿದ್ದಿದೆಯೋ ಎಂದು ಪರೀಕ್ಷಿಸುವ ಕರ್ತವ್ಯದ ನೆಪದಲ್ಲಿ ಆ ಡಿಸ್ಕನ್ನು ನಾನು ಇಲ್ಮಾಳಿಗೆ ತಿಳಿಸದೆ ನೋಡಿದ್ದೆ. ಅದರ ಕೊನೆಯಲ್ಲಿ ಅಜ್ಜಿ ಕುಸಿದು ಬಿದ್ದ ಸುದ್ದಿ ಕೇಳಿ, ದೋಣಿಯ ಹುಡುಗ ಕೆಸರಿನ ಬೂಟಿನಲ್ಲೇ ಓಡಿ ಬಂದು ಚಾಪೆ ತುಳಿಯುತ್ತಾನೆ. ಸೂಜಿಯಿಂದ ಅಲ್ಲಿಗೊಂದು ಗೀರು ಹಾಕಿಬಿಡೋಣವೆಂದು ಹೊರಡುವ ಮುಂಚೆ ಡಿಸ್ಕನ್ನು ಬೆಳಕಿಗೆ ಹಿಡಿದೆ. ಬೂಟು ಎಲ್ಲಿದೆಯೆಂದು ಮೇಲಿನಿಂದ ಕಾಣಲಿಲ್ಲ.

ಜಗಳೂರು ತಲುಪಿದಾಗ ಸೈದಾಬೀ ಚಹಾ ಕೊಟ್ಟು, “ಏನ್ ಬೇಟಾ, ಆ ಬೂಟಿನೋರು ನಿನ್ನ ಕಪಾಟಿನೋರೇನು?” ಎಂದು ಕೇಳಿದರು. ಅಲ್ಲವೆಂದರೆ ಮಗ ತಂದ ಟಿ.ವಿ.ಯ ಮೇಲೆ ತಪ್ಪು ಹೊರಿಸಿದಂತೆ, ಹೌದೆಂದರೆ ಡಿಸ್ಕು ಚೀಲದಲ್ಲೇ ಉಳಿದಂತೆ. ನಾನು ಚಹಾ ಬಿಸಿಯಿದೆಯೆಂಬಂತೆ ಊದುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಇಲ್ಮಾ ಹೇಳಿದಳು: “ಅಲ್ಲ ಅಮ್ಮೀ. ಅವ್ರು ಯಾರನ್ನೂ ಕೇಳ್ದೆ ಬಂದೋರು. ನಮ್ ಭಾಯ್ ಯಾರ್ನಾದ್ರೂ ಕಳಿಸ್ಬೇಕಾದ್ರೆ ಮನೇಲಿ ಯಾರಿದಾರೆ ಅಂತ ಮೊದ್ಲು ಕೇಳ್ತಾನೆ.”

ಮುಬೀನ್ ಭಾಯ್ ಎದ್ದು ಅಟ್ಟದಿಂದ ಪ್ಲೇಯರ್ ಇಳಿಸಿದರು. “ಹಾಕು. ಆದ್ರೆ ಒಂದು ಬೂಟು ಕಂಡ್ರೂ ಇದೇ ಕೊನೆ” ಎಂದರು ಸೈದಾಬೀ.

ಕೊನೆಯ ಭಾಗ ಬಂದಾಗ ನಾನು ಪರದೆ ಬಿಟ್ಟು ಫ್ಯಾನು ನೋಡತೊಡಗಿದೆ. ಹುಡುಗ ಓಡಿ ಬರುವ ಸದ್ದು, ಬಾಗಿಲು ಸರಿಯುವ ಸದ್ದು, ಚಾಪೆಯ ಮೇಲೆ ಹೆಜ್ಜೆಯ ಸದ್ದು. ನನಗೆ ತಡೆಯಲಾಗದೆ “ಖಾಲಾ, ಅದು ಏನಂದ್ರೆ” ಎಂದು ಬಾಯಿ ತೆರೆದೆ. “ಸುಮ್ನಿರಪ್ಪಾ, ಅಜ್ಜಿ ಹತ್ರ ಹೋಗ್ತಾ ಐತೆ ಮಗು. ಈಗ ಬೂಟು ಬಿಚ್ಚಾಕೆ ಕೂತಿದ್ರೆ ನಾನು ಬೈತಿದ್ದೆ” ಎಂದ ಸೈದಾಬೀ, ಕಣ್ಣು ಪರದೆಯಿಂದ ತೆಗೆಯದೆ, ಮಂಚದ ಮೇಲೆ ಸ್ವಲ್ಪ ಆಚೆ ಸರಿದು, “ಇಲ್ಮಾ, ಇಲ್ಲಿ ಬಾ, ಅಲ್ಲಿಂದ ಅಜ್ಜಿ ಮುಖ ಕಾಣಲ್ಲ” ಎಂದರು.

ಅವಳು ಹೋಗಿ ಕೂತಳು. ಡಿಸ್ಕು ಮುಗಿಯಿತು, ಪರದೆ ಕಪ್ಪಗಾಯಿತು. ಯಾರೂ ಎದ್ದು ಏನೂ ಹಾಕಲಿಲ್ಲ, ಆ ಇಬ್ಬರೂ ಅಜ್ಜಿ ಬದುಕುತ್ತಾಳೋ ಇಲ್ಲವೋ ಎಂದು ವಾದಿಸುತ್ತಾ ಕೂತರು. ಅನ್ನ ತಳ ಹಿಡಿಯಿತು. ನಾನು ಅದನ್ನೇ ಉಂಡು ಕೊನೆಯ ಬಸ್ಸಿಗೆ ಬಂದೆ.

ಈಗ ಪ್ರತಿ ವಾರ ಹೊಸ ಡಿಸ್ಕು ಹೋಗುತ್ತಿದೆ. ಮೊನ್ನೆ ಸಂಜೆ, ಈ ವಾರದ ಡಿಸ್ಕು ಹೇಗಿದೆಯೆಂದು ಕೇಳಲು ಇಲ್ಮಾಳಿಗೆ ಫೋನು ಮಾಡಿದೆ. “ಭಾಯ್, ಆಮೇಲೆ ಮಾಡ್ತೀನಿ, ಅಮ್ಮಿ ಕಾಯ್ತಾ ಇದಾರೆ” ಎಂದು ಇಟ್ಟಳು. ಆಮೇಲೆ ಮಾಡಲಿಲ್ಲ. ನನ್ನ ಊಟ ಆಯಿತೋ ಎಂದೂ ಕೇಳಲಿಲ್ಲ. ಒಂದೂವರೆ ವರ್ಷದಲ್ಲಿ ಇಷ್ಟು ಒಳ್ಳೆಯ ಫೋನು ನಾನು ಮಾಡಿರಲಿಲ್ಲ.

ತಮ್ಮ ಆ ಐದು ಸೆಕೆಂಡುಗಳು ಎಣಿಕೆಗೆ ಸಿಗದಷ್ಟು ಹೆಚ್ಚಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ, ತಮ್ಮದೇ ಕಸುಬಿನ ಕಿರಿಯ,
ಶಾಹಿದ್

ಮರೆತ ಮಾತು: ಕಳೆದ ವಾರ ಟಿ.ವಿ. ಹಾಕಿದ ಕೂಡಲೇ ತಾವು ಪರದೆಯ ಮೇಲೆ ‘ಇನ್ನೂ ನೋಡುತ್ತಿದ್ದೀರಾ?’ ಎಂದು ಬರೆದಿರಂತೆ. ಆ ಮನೆಯಲ್ಲಿ ತಾವು ಕೇಳಿದ ಮೊದಲ ಪ್ರಶ್ನೆ ಅದು. ಹೀಗೇ ಕೇಳುವುದನ್ನು ರೂಢಿ ಮಾಡಿಕೊಂಡರೆ ಮುಂದೆ ಒಳ್ಳೆಯ ಶಿಫಾರಸುದಾರರಾಗುತ್ತೀರಿ. ಸೈದಾಬೀ ಅವರು ಅಲ್ಲೇ ಉತ್ತರ ಕೊಟ್ಟರು. ತಮಗೆ ಕಿವಿ ಇಲ್ಲದಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ: “ಹೂಂ ಕಣಪ್ಪಾ, ನೋಡ್ತಾ ಇದೀವಿ. ನಿನ್ನ ಅಲ್ಲ.”