ಚನ್ನಬಸವಯ್ಯನವರ ಮೂಗಿನ ಲೈನು

"ನೋಡು ವಿಶಾಲು, ಇನ್ಮೇಲೆ ಈ ಮನೇಲಿ ಹಲಸಿನ ಹಣ್ಣಿಗೋಸ್ಕರ ಜಗಳ ಇಲ್ಲ!"

ತುಮಕೂರಿನ ಆ ಪುಟ್ಟ ಮನೆಯ ಊಟದ ಮೇಜಿನ ಮೇಲೆ ಚನ್ನಬಸವಯ್ಯ ಒಂದು ಡಬ್ಬಿ ಇಟ್ಟರು. ಟೆಲಿಫೋನ್ ತಂತಿ ಜೋಡಿಸುತ್ತಲೇ ನಿವೃತ್ತರಾದವರು ಅವರು. ಡಬ್ಬಿಯ ಎರಡು ಬದಿಯಲ್ಲೂ ಒಂದೊಂದು ರಬ್ಬರ್ ಮೂಗು ನೇತಾಡುತ್ತಿತ್ತು. ಪಕ್ಕದಲ್ಲೇ ಬಿಡಿಸಿಟ್ಟ ಹಲಸಿನ ತೊಳೆ!

ಹೆಂಡತಿ ವಿಶಾಲಾಕ್ಷಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಈ ಸಲ ಅದನ್ನ ಒಳಗೆ ತಂದ್ರೆ ತಂಗಿ ಮನೆಗೆ ಹೋಗ್ತೀನಿ ಅಂದಿದ್ದೆ. ಹೊರಟೆ!"

"ಹೋಗೋಕ್ಮುಂಚೆ ಒಂದ್ಸಲ ಮೂಸಿ ನೋಡು. ಎಲ್ಲರ ಮೂಗೂ ಒಂದೇ ಥರ ಇರಲ್ಲ ಕಣೇ. ನಂಗೆ ಜೇನಾಗಿರೋದು ನಿಂಗೆ ಕೊಳೆತ ಈರುಳ್ಳಿ. ಇದು ನನ್ನ ಮೂಗಿನ ಲೈನು ನಿಂಗೆ ಕೊಡುತ್ತೆ, ನಿನ್ನದು ನಂಗೆ!"

ಇಬ್ಬರೂ ಒಂದೊಂದು ರಬ್ಬರ್ ಮೂಗು ಸಿಕ್ಕಿಸಿಕೊಂಡು, ಗುಂಡಿ ತಿರುಗಿಸಿ ಕಳಚಿದ್ದೇ ತಡ, ವಿಶಾಲಾಕ್ಷಮ್ಮನಿಗೆ ಜೇನು, ಬೆಲ್ಲ, ಹಾಲು ಎಲ್ಲ ಒಟ್ಟಿಗೆ ನುಗ್ಗಿ ಬಂದ ಹಾಗಾಯಿತು. ಜೀವಮಾನದಲ್ಲಿ ಮೊದಲ ಸಲ ಒಂದು ತೊಳೆ ಬಾಯಿಗಿಟ್ಟರು. ಚನ್ನಬಸವಯ್ಯ ಮಾತ್ರ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದರು!

"ಅಯ್ಯಪ್ಪಾ! ಇದನ್ನ ಇಷ್ಟು ವರ್ಷ ಹೇಗೆ ತಡ್ಕೊಂಡೆ ಮಾರಾಯ್ತಿ?"

"ಹಿತ್ತಲಿಗೆ ಓಡ್ತಿದ್ದೆ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಆಕೆ ಹೋಗಿ ಬಗ್ಗಿ ಮೂಸಿದರು. ಏನೂ ಇಲ್ಲ. ಇಂಗಿನ ಡಬ್ಬಿ ತೆರೆದರು, ಊದುಬತ್ತಿ ಹಚ್ಚಿದರು. ಊಹೂಂ!

"ರೀ, ನಿಮ್ಮ ಮಿಷನ್ ಕೆಟ್ಟಿದೆ. ಹಲಸು ಬಿಟ್ರೆ ಯಾವ ವಾಸನೇನೂ ಬರ್ತಿಲ್ಲ."

ಚನ್ನಬಸವಯ್ಯ ಮುಖ ಒರೆಸಿಕೊಳ್ಳುತ್ತಾ ನಿಂತರು. "ಕೆಟ್ಟಿಲ್ಲ. ಮದುವೆಯಾದ ವರ್ಷ ನಂಗೆ ಜ್ವರ ಬಂದಿತ್ತಲ್ಲ? ಅವತ್ತಿಂದ ಇಷ್ಟೇ. ಈ ಹಣ್ಣೊಂದೇ ಒಳಗೆ ಬರೋದು."

"ಮತ್ತೆ ನನ್ನ ಸಾರು ಘಮಘಮ ಅಂತಿದ್ರಿ?"

"ನೀನು ಒಗ್ಗರಣೆ ಹಾಕೋ ಸದ್ದು ಕೇಳಿ ಹೇಳ್ತಿದ್ದೆ."

ಚನ್ನಬಸವಯ್ಯ ಹತ್ತಿರ ಬಂದು ಆಕೆಯ ಮುಡಿಯ ಮಲ್ಲಿಗೆಯನ್ನು ಮೆಲ್ಲಗೆ ಮೂಸಿದರು. ಬಹಳ ಹೊತ್ತು ಅಲ್ಲೇ ನಿಂತರು. ತಂಗಿ ಮನೆಯ ಮಾತನ್ನು ವಿಶಾಲಾಕ್ಷಮ್ಮ ಮತ್ತೆ ಎತ್ತಲಿಲ್ಲ.

"ನಿನ್ನ ಮೂಗು ನಿಂಗೆ ವಾಪಸ್ ಕೊಟ್ಬಿಡ್ತೀನಿ," ಎಂದು ಅವರು ಕೊನೆಗೆ ಇಬ್ಬರಿಗೂ ಮತ್ತೆ ರಬ್ಬರ್ ಮೂಗು ಸಿಕ್ಕಿಸಿ ಗುಂಡಿ ಉಲ್ಟಾ ತಿರುಗಿಸಿದರು. ಆಕೆ "ಇರಲಿ ಬಿಡಿ" ಅನ್ನುವುದರೊಳಗೆ ಡಬ್ಬಿ ಢಂ ಎಂದಿತು! ಹೊಗೆ ಸರಿದ ಮೇಲೆ ನೋಡಿದರೆ ಕೆಲಸ ಅರ್ಧವಷ್ಟೇ ಆಗಿತ್ತು. ಇಬ್ಬರಿಗೂ ಬಲಗಡೆಯ ಹೊಳ್ಳೆ ತಮ್ಮದು, ಎಡಗಡೆಯದು ಇನ್ನೊಬ್ಬರದು!

ಸಂಜೆ ಚನ್ನಬಸವಯ್ಯ ಬಲಹೊಳ್ಳೆ ಒತ್ತಿಹಿಡಿದು, ಕಣ್ಣು ಮುಚ್ಚಿ ಕಾಫಿಯ ಪರಿಮಳವನ್ನು ಎಳೆದುಕೊಂಡರು. ವಿಶಾಲಾಕ್ಷಮ್ಮ ಉಸಿರು ಬಿಗಿಹಿಡಿದು ಕಾದರು.

"ಚಿಕೋರಿ ಸ್ವಲ್ಪ ಜಾಸ್ತಿ ಆಯ್ತು ಕಣೇ."

"ನನ್ನ ಹೊಳ್ಳೆ ಮುಚ್ಕೊಂಡು ಕುಡೀರಿ," ಎಂದರು ವಿಶಾಲಾಕ್ಷಮ್ಮ.