ಕೋರ್ಟು ಕದ್ದ ಊರು

ಮಗಳಿಗೆ ಎರಡು ಹಲ್ಲು ಬಂದಿದೆ ಎಂದು ಹೆಂಡತಿ ಪದ್ಮಾವತಿ ಮೂಡುಬಿದಿರೆಯಿಂದ ಫೋನು ಮಾಡಿದ ಬೆಳಿಗ್ಗೆಯೇ ಗುಣಪಾಲನ ಕಷ್ಟಕಾಲ ಶುರುವಾಯಿತು. ಮಗಳನ್ನು ಅವನು ಫೋಟೋದಲ್ಲಿ ಮಾತ್ರ ನೋಡಿದ್ದ. ಇನ್ನೂ ತಡಮಾಡಿದರೆ ನೀವು ಬರುವಾಗ ಅವಳು ಶಾಲೆಗೆ ಹೋಗಿರುತ್ತಾಳೆ ಎಂದು ಪದ್ಮಾವತಿ ಹೇಳಿದಳು. ಉತ್ಪ್ರೇಕ್ಷೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ.

ಗುಣಪಾಲ ಕೊಲ್ಲಿ ದೇಶದ ಜೆಬೆಲ್ ಅಲಿ ಬಂದರಿನ ಒಂದು ಸರಕು ಸಾಗಣೆ ಕಂಪೆನಿಯಲ್ಲಿ ಗುಮಾಸ್ತ. ಹೊಸದಾಗಿ ಬಂದ ಅಮೆರಿಕದ ಮ್ಯಾನೇಜರ್ ಡನಮ್ ಸಾಹೇಬರು, ಹೊಸ ಗೋದಾಮು ತುಂಬುವ ತನಕ ಯಾರಿಗೂ ರಜೆ ಇಲ್ಲವೆಂದು ಸಾರಿಬಿಟ್ಟಿದ್ದರು. ಗೋದಾಮೋ ಕುಂಭಕರ್ಣನ ಹೊಟ್ಟೆ. ಎಷ್ಟು ಹಾಕಿದರೂ ಇನ್ನಷ್ಟು ಕೇಳುತ್ತಿತ್ತು.

ಅವನು ವಾಸವಿದ್ದ ಅಲ್ ನಹ್ದಾದಿಂದ ಹೊರಟ ಕಂಪೆನಿ ಬಸ್ಸಿನಲ್ಲಿ ಪಕ್ಕ ಕೂತ ಜುವಾಕಿಂ ಅವನ ಸಪ್ಪೆ ಮೋರೆ ನೋಡಿ ಕಾರಣ ವಿಚಾರಿಸಿದ. ಜುವಾಕಿಂ ಕಿನ್ನಿಗೋಳಿಯವನು, ಲೆಕ್ಕಪತ್ರ ವಿಭಾಗದವನು. ಕೇಳದೆಯೇ ಸಲಹೆ ಕೊಡುವುದು ಅವನ ಅಭ್ಯಾಸ. ಈ ಸಲ ಕೇಳಿದ ಮೇಲೆ ಕೊಟ್ಟ.

"ಸಾಹೇಬರ ಕೋಣೆಯಲ್ಲಿ ಗಡಿಯಾರದ ಗೋಪುರದ ಚಿತ್ರ ಉಂಟಲ್ಲ, ಅದು ಅವರ ಊರಿನ ಕೋರ್ಟು. ಊರಿನ ಹೆಸರು ಬಾರ್ಕರ್‌ಟನ್. ಅದರ ವಿಷಯ ಒಂದು ಮಾತು ಎತ್ತು ಮಾರಾಯ. ಊರಿನ ಸುದ್ದಿಗೆ ಕರಗದ ಮನುಷ್ಯ ಇಲ್ಲ."

ಹತ್ತು ಗಂಟೆಯ ಚಹಾದ ಹೊತ್ತಿಗೆ ಜುವಾಕಿಂ ಆಫೀಸಿನ ಇಂಟರ್‌ನೆಟ್ಟಿನಲ್ಲಿ ಬಾರ್ಕರ್‌ಟನ್ನಿನ ಜಾತಕವನ್ನೇ ಜಾಲಾಡಿ ಗುಣಪಾಲನಿಗೆ ಒಪ್ಪಿಸಿದ. ಅಲ್ಲಿ ಜಿಲ್ಲೆಯಂಥದಕ್ಕೆ ಕೌಂಟಿ ಎನ್ನುತ್ತಾರೆ. ಬಾರ್ಕರ್‌ಟನ್ ಆ ಕೌಂಟಿಯ ಮುಖ್ಯ ಪಟ್ಟಣ, ಜನಸಂಖ್ಯೆಯಲ್ಲಿ ಮಾತ್ರ ನಮ್ಮ ಬೆಳುವಾಯಿ ಹಳ್ಳಿಯಷ್ಟು. ಕೋರ್ಟು, ಜೈಲು, ಖಜಾನೆ ಎಲ್ಲ ಅಲ್ಲೇ. ಮೂವರು ಕಮಿಷನರುಗಳ ಆಡಳಿತ.

ಇದರಲ್ಲಿ ಒಂದು ವಾಕ್ಯವನ್ನು ಸಾಹೇಬರ ಎದುರು ಹೇಳಿ ರಜೆ ಕೇಳುವುದು ಗುಣಪಾಲನ ಯೋಜನೆ. ಆದರೆ ರಿಸೆಪ್ಷನಿನ ಲೂರ್ದ್ ಟಪಾಲು ಕೊಡಲು ಒಳಗೆ ಹೋದವಳು, ನಮ್ಮ ಗುಣಪಾಲ ನಿಮ್ಮ ಊರಿನ ಚರಿತ್ರೆಯನ್ನು ಅರೆದು ಕುಡಿದಿದ್ದಾನೆ ಎಂದು ಉಪಕಾರ ಮಾಡಿ ಬಂದಳು. ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿನಲ್ಲಿ ಸೇರಬೇಕು, ಗುಣಪಾಲ ಮಾತಾಡಬೇಕು ಎಂದು ಹುಕುಂ ಹೊರಟಿತು.

ಗುಣಪಾಲ ತಟ್ಟೆ ಬದಿಗಿಟ್ಟು ಎದ್ದು ನಿಂತ. ಕತೆ ಶುರುಮಾಡಿದ. ಮೊದಲು ಕೋರ್ಟು ಇದ್ದದ್ದು ಪಕ್ಕದ ಊರಿನಲ್ಲಿ. ಯಾವ ಊರಲ್ಲಿ ಕೋರ್ಟೋ ಆ ಊರಿಗೆ ಅಧಿಕಾರ. ಬಾರ್ಕರ್‌ಟನ್ನಿನ ಹಿರಿಯರು ಅರ್ಜಿ ಕೊಟ್ಟು ಕೊಟ್ಟು ಬೇಸತ್ತು, ಒಂದು ದಿನ ಎತ್ತುಗಳ ಸಮೇತ ಹೋದರು. ಮರದ ಕೋರ್ಟಿನ ಅಡಿಗೆ ದಿಮ್ಮಿ ಕೊಟ್ಟು ಕಟ್ಟಡವನ್ನೇ ಎಳೆದು ತಂದರು. ಒಳಗೆ ನಿದ್ದೆ ಹೋಗಿದ್ದ ಜಡ್ಜಿಗೆ ಉಗುಳಲು ಕಿಟಕಿ ತೆರೆದಾಗಲೇ ಊರು ಬದಲಾದದ್ದು ತಿಳಿದದ್ದು.

"ಜಡ್ಜಿಗೆ ಟ್ರಾನ್ಸ್‌ಫರ್ ಆರ್ಡರ್ ಇತ್ತಾ?" ಎಂದು ಡ್ರೈವರ್ ಮೂಸಬ್ಬ ಕೇಳಿದರು.

ಕಟ್ಟಡಕ್ಕೇ ಟ್ರಾನ್ಸ್‌ಫರ್ ಆದ್ದರಿಂದ ಬೇಕಾಗಲಿಲ್ಲ ಎಂದ ಗುಣಪಾಲ. ಮಾತು ಆಡಳಿತದ ಕಡೆ ಹೊರಳಿತು. ಅಲ್ಲಿ ಪೊಲೀಸರ ಮುಖ್ಯಸ್ಥನನ್ನು ವೋಟು ಹಾಕಿ ಆರಿಸುತ್ತಾರೆ ಎಂದಾಗ ಮೂಸಬ್ಬರು ತಿನ್ನುವುದನ್ನು ನಿಲ್ಲಿಸಿದರು. ಹೆಣದ ಪರೀಕ್ಷೆ ಮಾಡುವ ಅಧಿಕಾರಿಗೂ ವೋಟೇ ಎಂದಾಗ ಸ್ವಲ್ಪ ಯೋಚಿಸಿ, "ನಮ್ಮಲ್ಲಿ ಹೆಣಗಳೇ ವೋಟು ಹಾಕುತ್ತವೆ," ಎಂದರು.

ಡನಮ್ ಸಾಹೇಬರು ಮಾತ್ರ ಗೋಡೆಗೊರಗಿ ನಿಂತು ಕೇಳಿದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು ಕೋಣೆಗೆ ಹೋದರು.

ರಜೆ ಖಂಡಿತ ಎಂದು ಎಲ್ಲರೂ ಗುಣಪಾಲನ ಬೆನ್ನು ತಟ್ಟುತ್ತಿರುವಾಗ ಲೂರ್ದ್, ಸಾಹೇಬರಿಗೆ ಊರಿಂದ ಪಾರ್ಸೆಲ್ ಬರುವುದು ಒಹಾಯೊ ರಾಜ್ಯದಿಂದ ಎಂದು ಸಹಜವಾಗಿ ಹೇಳಿದಳು. ಜುವಾಕಿಂನ ಕೈಯ ಚಮಚ ಗಾಳಿಯಲ್ಲೇ ನಿಂತಿತು.

"ನಾನು ಓದಿದ್ದು ಕಾನ್ಸಾಸಿನ ಬಾರ್ಕರ್‌ಟನ್," ಎಂದ. ಮತ್ತೆ ಇಂಟರ್‌ನೆಟ್ಟು ನೋಡಿ ಬಂದು, "ಎರಡುಂಟು ಮಾರಾಯ. ಮಧ್ಯೆ ಮುಂಬೈಗೂ ಮಂಗಳೂರಿಗೂ ಇರುವಷ್ಟು ದೂರ," ಎಂದ.

ಜ್ವರ ಬಂತೆಂದು ಮನೆಗೆ ಹೋಗು ಎಂದಳು ಲೂರ್ದ್. ನಿಜ ಹೇಳಿಬಿಡು, ಕೆಲಸ ಹೋದರೆ ಊರಿಗಾದರೂ ಹೋಗಬಹುದು ಎಂದರು ಮೂಸಬ್ಬ. ಆ ಮಾತೇ ಸರಿ ಕಂಡು ಗುಣಪಾಲ ಸಾಹೇಬರ ಬಾಗಿಲು ತಟ್ಟಿದ.

ಸಾಹೇಬರು ಎದ್ದು ಬಂದು ಕೈಹಿಡಿದು ಕೂರಿಸಿದರು. ತಮ್ಮ ಊರಿನಲ್ಲಿ ಎಂದೂ ಏನೂ ನಡೆದಿಲ್ಲ ಎಂದೇ ತಿಳಿದಿದ್ದೆ ಎಂದರು. ಶಾಲೆಯಲ್ಲಿ ಮೇಷ್ಟ್ರು ಊರಿನ ಚರಿತ್ರೆಯನ್ನು, ಸ್ಥಾಪನೆಯಾಯಿತು, ಈಗಲೂ ಇದೆ, ಎಂದು ಮುಗಿಸುತ್ತಿದ್ದರಂತೆ. ತಂದೆ ಹನ್ನೆರಡು ವರ್ಷ ಕಮಿಷನರಾಗಿದ್ದು ಚರಂಡಿಯ ವಿಷಯ ಬಿಟ್ಟು ಬೇರೇನೂ ಚರ್ಚಿಸಿದ್ದಿಲ್ಲವಂತೆ.

"ನನ್ನ ಊರು ಒಂದು ಕೋರ್ಟನ್ನೇ ಕದ್ದಿತ್ತು ಅಂತ ಇವತ್ತು ತಿಳಿಯಿತು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಸರ್, ಒಂದು ವಿಷಯ—" ಎಂದ ಗುಣಪಾಲ.

ಸಾಹೇಬರು ಕೈಯೆತ್ತಿ ತಡೆದರು. ಅವರು ಆಗಲೇ ಅಲ್ಲಿಯ ಮೇಯರಿಗೆ ಫೋನು ಮಾಡಿ ಎಬ್ಬಿಸಿದ್ದರು. ಮೇಯರಿಗೂ ಇದು ಹೊಸದು, ಆನಂದವೋ ಆನಂದ. ಬರುವ ತಿಂಗಳು ಊರಿಗೆ ನೂರೈವತ್ತು ವರ್ಷ ತುಂಬುತ್ತದೆ. ಹೇಳಲು ಏನೂ ಇಲ್ಲದ್ದರಿಂದ ಭಾಷಣಕಾರರೇ ಸಿಕ್ಕಿರಲಿಲ್ಲ. ಈಗ ಗುಣಪಾಲನೇ ಮುಖ್ಯ ಅತಿಥಿ. ಟಿಕೆಟ್ಟು, ವೀಸಾ ಎಲ್ಲ ಕಂಪೆನಿಯ ಜವಾಬ್ದಾರಿ. ಈ ವರ್ಷದ ರಜೆ ಪೂರ್ತಿ ಮಂಜೂರು, ಅಲ್ಲಿಯೇ ಇದ್ದು ನಿಧಾನವಾಗಿ ಬಾ ಎಂದರು ಸಾಹೇಬರು, ತುಂಬು ಪ್ರೀತಿಯಿಂದ.

ಗುಣಪಾಲ ಬಾಯಿ ತೆರೆದ. ಜಾತ್ರೆಯ ಪೀಪಿ ಸಿಕ್ಕಿದ ಮಗುವಿನಂತೆ ಕೂತಿದ್ದ ಆ ಮುಖ ನೋಡಿ, "ಥ್ಯಾಂಕ್ಯೂ ಸರ್," ಎಂದು ಬಾಯಿ ಮುಚ್ಚಿದ.

ಸಂಜೆ ಫೋನ್ ಕಾರ್ಡಿನ ಗುಪ್ತ ನಂಬರು ಉಜ್ಜಿ ತೆಗೆದು ಮನೆಗೆ ಫೋನು ಹಚ್ಚಿದ.

"ರಜೆ ಸಿಕ್ಕಿತಾ?" ಎಂದಳು ಪದ್ಮಾವತಿ.

"ಸಿಕ್ಕಿತು."

"ಬಜ್ಪೆ ಏರ್‌ಪೋರ್ಟಿನಲ್ಲಿ ಯಾವಾಗ ಇಳಿಯುವುದು?"

"ಬಜ್ಪೆಗೆ ಅಲ್ಲ, ಅಮೆರಿಕಕ್ಕೆ."

"ಅಲ್ಲಿ ಎಂಥ ಉಂಟು ನಿಮಗೆ?"

"ಒಂದು ಊರಿನವರಿಗೆ, ನಿಮ್ಮ ಅಜ್ಜಂದಿರು ಕಳ್ಳರು ಅಂತ ಹೇಳಿ ಬರ್ಲಿಕ್ಕುಂಟು."

"ಹೌದಾ? ಕಳ್ಳರಾ ಅವರು?"

"ಅಲ್ಲ," ಎಂದ ಗುಣಪಾಲ. "ಆದ್ರೆ ತುಂಬಾ ಖುಷಿಯಲ್ಲಿದ್ದಾರೆ."